ಲಂಗರು ಹಾಕಿದ ಬೋಟಿಗೆ ಒಂದು ಕಂದೀಲು

ನಮ್ಮ ಊರು ಕೃಷ್ಣೆಯ ದಂಡೆಯಲ್ಲಿದೆ. ಎದುರಿಗೆ, ವಾರಣಾ ಹೊಳೆ ಬಂದು ಕೂಡುವ ಸಂಗಮದ ಹತ್ತಿರ, ಹರಿಪುರದ ಘಾಟು. ಅಲ್ಲಿ ಇಳಿದರೆ ಸಾಂಗ್ಲಿ ರಿಕ್ಷಾದಲ್ಲಿ ಕಾಲು ತಾಸಿನ ದಾರಿ. ಆದರೆ ನಡುವೆ ಹೊಳೆ. ನಾನು ಹೇಳುವುದು ತೊಂಬತ್ತಾರನೇ ಇಸವಿಯ ಮಾತು. ಆಗ ಕಾಲೇಜಿಗೆ, ಸಂತೆಗೆ, ದವಾಖಾನೆಗೆ, ಎಲ್ಲದಕ್ಕೂ ಶಿದ್ರಾಮನ ದೋಣಿಯೇ ಗತಿ. ರಸ್ತೆ ಹಿಡಿದರೆ ದೊಡ್ಡ ಸುತ್ತು. ಸಂಜೆಯ ಮೇಲೆ ಒಂದು ಗಾಡಿಯೂ ಸಿಗುತ್ತಿರಲಿಲ್ಲ.

ಆ ವರ್ಷಗಳಲ್ಲಿ ಸಾಂಗ್ಲಿ, ಮಿರಜ ಎರಡೂ ಊರು ಭರಭರ ಬೆಳೆಯುತ್ತಿದ್ದವು. ಹೊಲವಿದ್ದ ಜಾಗದಲ್ಲಿ ನಾಲ್ಕು ಮಾಳಿಗೆಯ ಫ್ಲಾಟು ಎದ್ದವು. ಫ್ಲಾಟಿಗೆ ಉಸುಕು ಬೇಕು. ಉಸುಕು ನಮ್ಮ ಹೊಳೆಯಲ್ಲಿತ್ತು. ಮೊದಲು ಒಂದೆರಡು ಬೋಟು ಇದ್ದಲ್ಲಿ ಹದಿನೈದು ಕಬ್ಬಿಣದ ಬೋಟು ಬಂದವು. ಹಗಲೆಲ್ಲ ಉಸುಕು ತೆಗೆಯುವುದು, ಹೊತ್ತು ಮುಳುಗಿದರೆ ನಡು ನೀರಿನಲ್ಲೇ ಲಂಗರು ಹಾಕಿ ಆಳುಗಳು ಮನೆಗೆ ಹೋಗುವುದು. ಒಂದು ಬೋಟಿನ ಮೇಲೂ ದೀಪವಿರಲಿಲ್ಲ.

ನಮ್ಮ ಊರಿನ ತವನಪ್ಪನವರ ಬೋಟೂ ಅಂಥದ್ದೇ. ಉದ್ದನೆಯದು, ಡಾಂಬರು ಬಳಿದದ್ದು, ಕರ್ರಗೆ; ದೋಣಿ ಹಾಯುವ ದಾರಿಗೆ ಎಲ್ಲಕ್ಕಿಂತ ಹತ್ತಿರ ನಿಲ್ಲುತ್ತಿತ್ತು. ತವನಪ್ಪನವರು ಕೆಟ್ಟ ಮನುಷ್ಯರಲ್ಲ. ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ನೀರು ಸೋಸಿ ಕುಡಿಯುವವರು. ಆದರೆ ಹೊಳೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಶಿದ್ರಾಮ ಎರಡು ವರ್ಷ ರತ್ನಾಗಿರಿಯ ಬಂದರಿನಲ್ಲಿ ದುಡಿದು ಬಂದವನು. ಒಂದು ಮುಂಜಾನೆ ಅವನು ತವನಪ್ಪನವರ ಮನೆಗೇ ಬಂದ.

"ಕಾಕಾ, ಒಂದ ಮಾತ ಹೇಳಲಿಕ್ಕೆ ಬಂದೇನ್ರಿ. ರಾತ್ರಿ ನಿಮ್ಮ ಬೋಟಿನ ಮ್ಯಾಲ ಒಂದ ಕಂದೀಲ ತೂಗ ಹಾಕ್ರಿ. ಬಂದರದಾಗ ನಿಂತ ಬೋಟಿಗೆ ದೀಪ ಇಲ್ಲಂದ್ರ ಯಾರೂ ಸುಮ್ನ ಬಿಡೂದಿಲ್ರಿ."

"ಅದು ಸಮುದ್ರ, ಇದು ಹೊಳಿ," ಎಂದರು ತವನಪ್ಪ. "ಕಂದೀಲ ಹಚ್ಚಿದ್ರ ಕಳ್ಳರಿಗೆ ನಾನ ಕರದು ತೋರಿಸಿದಂಗ ಆಗ್ತೈತಿ. ಹೋದ ತಿಂಗಳ ಅಪ್ಪಾಸಾಬನ ಬೋಟಿನ ಪಂಪ ಬಿಚ್ಚಕೊಂಡ ಹೋದ್ರು."

"ಅಪ್ಪಾಸಾಬನ ಬೋಟ ಕತ್ತಲದಾಗ ನಿಂತಿತ್ತಲ್ರಿ? ಕಳ್ಳ ಹಗಲನ್ಯಾಗ ನೋಡಿ ಹೋಗಿರ್ತಾನ. ಬೆಳಕ ಬೇಕಾಗಿರೂದು ಅವಗ ಅಲ್ರಿ, ಹೊಳಿ ದಾಟಾವ್ರಿಗೆ."

"ದೀಪಕ್ಕ ಹುಳ ಬಂದ ಬೀಳ್ತಾವ. ರಾತ್ರಿಯೆಲ್ಲಾ ಜೀವಹಿಂಸಾ. ನಮ್ಮ ಮನ್ಯಾಗ ಅದು ನಡಿಯೂದಿಲ್ಲ."

ಒಳಗಿನಿಂದ ಅವರ ಹೆಂಡತಿ ಕಮಲಾಬಾಯಿ ಅಂದರು: "ಹೌದಪ್ಪಾ, ಅದೂ ಖರೇನ ಐತಿ."

ಶಿದ್ರಾಮ ಚಪ್ಪಲಿ ಮೆಟ್ಟಿದ. "ನನಗ ಅಂಜಿಕಿ ಬರ್ತೈತ್ರಿ ಕಾಕಾ. ದೋಣಿ ತುಂಬ ಮಂದಿ ಕುಂತಿರ್ತಾರ. ನನಗ ಮುಂದಿಂದು ಏನೂ ಕಾಣೂದಿಲ್ಲ," ಎಂದು ಹೇಳಿ ಹೋದ.

ಅವನ ದೋಣಿಗೆ ಕಂದೀಲು ಇತ್ತು. ಆದರೆ ಆ ಬೆಳಕು ಅವನನ್ನು ಉಳಿದವರಿಗೆ ತೋರಿಸುತ್ತಿತ್ತೇ ಹೊರತು ಎದುರಿಗಿರುವುದನ್ನು ಅವನಿಗೆ ತೋರಿಸುತ್ತಿರಲಿಲ್ಲ.

ಕಾರ್ತಿಕದ ಅಮಾವಾಸ್ಯೆಯ ದಿನ. ಸಂಜೆ ಆರೂವರೆ. ತವನಪ್ಪನವರ ಮಗಳು ಬ್ರಾಹ್ಮಿ ಕಾಲೇಜಿನಿಂದ ಬಂದವಳು ಹಿತ್ತಿಲಿಗೆ ಹೋದಳು. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಕಾಲಿಟ್ಟಳು. ಹತ್ತೊಂಬತ್ತು ವರ್ಷದ ಹುಡುಗಿ, ಚೀರಲಿಲ್ಲ. ಕುಂಟುತ್ತಾ ಬಂದು ಕಟ್ಟೆಯ ಮೇಲೆ ಕುಳಿತು, "ಅವ್ವಾ, ಹಾವು ಕಡೀತು," ಎಂದಳು. ಹಿಮ್ಮಡಿಯ ಮೇಲೆ ಎರಡು ರಕ್ತದ ಚುಕ್ಕೆ.

ಯಾರೋ ಮಂತ್ರದವರನ್ನು ಕರೆಯೋಣ ಎಂದರು. ಕಮಲಾಬಾಯಿ ಬೇಡವೆಂದರು. ತವನಪ್ಪನವರು ಮಗಳನ್ನು ಎತ್ತಿಕೊಂಡು ಘಾಟಿಗೆ ಓಡಿದರು. ಕಮಲಾಬಾಯಿ ಬ್ಯಾಟರಿ ಹಿಡಿದು ಹಿಂದೆ ಓಡಿದರು.

ಶಿದ್ರಾಮ ಆಗಷ್ಟೇ ದೋಣಿ ಕಟ್ಟುತ್ತಿದ್ದ. ಬ್ಯಾಟರಿಯ ಬೆಳಕಿನಲ್ಲಿ ಹುಡುಗಿಯ ಹಿಮ್ಮಡಿ ನೋಡಿದ. "ಮಲಗಸ್ರಿ ಆಕೀನ. ಕಾಲ ಅಳ್ಳಾಡಿಸಬ್ಯಾಡ್ರಿ," ಎಂದು ಹಗ್ಗ ಬಿಚ್ಚಿದ.

ನೀರಿನ ಮೇಲೆ ಮಂಜು ಇಳಿದಿತ್ತು. ಹರಿಪುರದ ದೀಪಗಳು ಮಸುಕಾಗಿ ಎಲ್ಲೋ ದೂರ ಇದ್ದಂತೆ ಕಾಣುತ್ತಿದ್ದವು. ನಡುವಿನ ಹೊಳೆ ಕಾಣುತ್ತಲೇ ಇರಲಿಲ್ಲ. ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬ್ಯಾಟರಿಯ ಬೆಳಕು ಹತ್ತು ಮಾರು ಹೋಗಿ ಬಿಳಿ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು.

ದಂಡೆಯಿಂದ ಸ್ವಲ್ಪ ಮುಂದೆ ಬಂದ ಮೇಲೆ ಶಿದ್ರಾಮ ಹುಟ್ಟು ಹಾಕುವುದನ್ನು ನಿಧಾನ ಮಾಡಿದ.

"ಯಾಕೋ? ಜೋರ ಹಾಕೋ!" ಎಂದರು ತವನಪ್ಪ.

"ಕಾಕಾ, ನಿಮ್ಮ ಬೋಟ ಎಲ್ಲಿ ನಿಂತೈತ್ರಿ?"

ತವನಪ್ಪನವರು ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. "ಮುಂಜಾನೆ... ಸಂಗಮದ ಕಡೆ ಇತ್ತು."

"ಮಧ್ಯಾಹ್ನದಿಂದ ವಾರಣಾದ ನೀರ ಏರೈತ್ರಿ. ಬೋಟ ಹಗ್ಗದ ಮ್ಯಾಲ ತಿರಗಿರ್ತೈತಿ. ಈಗ ಎಲ್ಲೈತಿ?"

"ಗೊತ್ತಿಲ್ಲೋ," ಎಂದರು ತವನಪ್ಪ. ಅವರ ದನಿ ಅವರಿಗೇ ಕೇಳದಷ್ಟು ಸಣ್ಣದಾಗಿತ್ತು. "ನನಗ ಗೊತ್ತಿಲ್ಲ."

"ಜೋರ ಹೋದ್ರ ಅದಕ್ಕ ಬಡದ ನಾಲ್ಕೂ ಮಂದಿ ಮುಳಗ್ತೇವಿ. ಸಾವಕಾಶ ಹೋದ್ರ..." ಶಿದ್ರಾಮ ಹುಡುಗಿಯ ಕಾಲಿನ ಕಡೆ ನೋಡಿದ.

ಬ್ರಾಹ್ಮಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದಳು. "ಅಪ್ಪಾ," ಎಂದಳು, ನಾಲಿಗೆ ದಪ್ಪವಾದವರ ಹಾಗೆ, "ಬ್ಯಾಟರಿ ಯಾಕ ಎರಡ ಕಾಣಸಾಕ ಹತ್ತ್ಯಾವ?"

ಕೈಯಲ್ಲಿ ಇದ್ದದ್ದು ಒಂದೇ ಬ್ಯಾಟರಿ. ಕಮಲಾಬಾಯಿ ಮಗಳ ಮುಖದ ಹತ್ತಿರ ಬಗ್ಗಿ ನೋಡಿದರು. ರೆಪ್ಪೆಗಳು ಅರ್ಧ ಮುಚ್ಚಿದ್ದವು. "ಕಣ್ಣ ತಗಿ ಬಾಳಾ. ನನ್ನ ಕಡೆ ನೋಡು." ಹುಡುಗಿ ತೆಗೆಯಲು ನೋಡಿದಳು, ಆಗಲಿಲ್ಲ. ಕಮಲಾಬಾಯಿ ಣಮೋಕಾರ ಮಂತ್ರ ಹೇಳತೊಡಗಿದರು. ಹೇಳುತ್ತಾ ಹೇಳುತ್ತಾ ನಡುವೆ ಮರೆತರು. ಮತ್ತೆ ಮೊದಲಿನಿಂದ ಹೇಳಿದರು.

"ಸುಮ್ಮಕಿರ್ರಿ ಎಲ್ಲಾರೂ," ಎಂದ ಶಿದ್ರಾಮ ಒಮ್ಮೆಲೇ. ಹುಟ್ಟು ಎತ್ತಿ ಹಿಡಿದ.

ಗುಳುಗುಳು ಸದ್ದು. ನೀರು ಕಬ್ಬಿಣವನ್ನು ನೆಕ್ಕುವ ಸದ್ದು. ಹತ್ತಿರದಲ್ಲೇ ಇತ್ತು. ಆದರೆ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ತವನಪ್ಪನವರು ಬ್ಯಾಟರಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಬರೀ ಮಂಜು.

ಮೊದಲು ಸಿಕ್ಕಿದ್ದು ಬೋಟಲ್ಲ, ಅದರ ಲಂಗರಿನ ಹಗ್ಗ. ನೀರಿನಿಂದ ಬಿಗಿಯಾಗಿ ಎದ್ದು ನಿಂತಿದ್ದ ಹಗ್ಗಕ್ಕೆ ದೋಣಿಯ ಮೂತಿ ಸಿಕ್ಕಿತು. ದೋಣಿ ಗಕ್ಕನೆ ನಿಂತು, ಹರಿವಿಗೆ ಅಡ್ಡ ತಿರುಗಿತು. ಒಂದು ಪಕ್ಕದಿಂದ ನೀರು ಒಳಗೆ ಬಂತು. ಆಗ ಮಂಜಿನೊಳಗಿನಿಂದ ಕರಿ ಗೋಡೆಯೊಂದು ತಲೆಯ ಮೇಲೆಯೇ ಬಂದಂತೆ ಬಂತು.

ಕಟ್ಟಿಗೆಯ ದೋಣಿ ಕಬ್ಬಿಣಕ್ಕೆ ಬಡಿದರೆ ಒಡೆದು ಹೋಗುತ್ತಿತ್ತು. ಶಿದ್ರಾಮ ಎದ್ದು ಎಡಗೈಯನ್ನು ಮುಂದೆ ಚಾಚಿದ. ಬೋಟಿಗೂ ದೋಣಿಗೂ ನಡುವೆ ಅವನ ಕೈ ಸಿಕ್ಕಿತು. ಕಬ್ಬು ಮುರಿದಂತೆ ಸದ್ದಾಯಿತು. ಅವನು ಕೂಗಿದ ಕೂಗಿಗೆ ಎರಡೂ ದಂಡೆಯ ನಾಯಿಗಳು ಬೊಗಳಿದವು.

ತವನಪ್ಪನವರು ಎರಡೂ ಕಾಲನ್ನು ತಮ್ಮ ಬೋಟಿನ ಮೈಗೆ ಕೊಟ್ಟು, ದೋಣಿಯನ್ನು ಒತ್ತಿ ಬಿಡಿಸಿದರು. ಕಮಲಾಬಾಯಿ ಒಂದು ಕೈಯಿಂದ ಮಗಳ ತಲೆಯನ್ನು ನೀರಿನ ಮೇಲೆ ಹಿಡಿದು, ಇನ್ನೊಂದು ಕೈಯಿಂದ ಡಬ್ಬಿಯಲ್ಲಿ ನೀರು ಹೊರಗೆ ಚೆಲ್ಲಿದರು.

"ಹುಟ್ಟ ಹಿಡೀರಿ ಕಾಕಾ," ಎಂದ ಶಿದ್ರಾಮ ಹಲ್ಲು ಕಚ್ಚಿ. ಅವನ ಎಡಗೈ ಅಂಗಿಯೊಳಗೆ ಜೋತು ಬಿದ್ದಿತ್ತು. "ಬಲಕ್ಕ ಹಾಕ್ರಿ. ಇನ್ನೊಮ್ಮೆ. ಹಾಂ, ಈಗ ನೆಟ್ಟಗ."

ಹರಿಪುರದ ಘಾಟು ಮುಟ್ಟಿದಾಗ ಬ್ರಾಹ್ಮಿಯ ಉಸಿರು ಗೊರಗೊರ ಎನ್ನುತ್ತಿತ್ತು. ಕೂಗು ಕೇಳಿ ಬಂದಿದ್ದ ಜನ ರಿಕ್ಷಾ ತಂದು ನಿಲ್ಲಿಸಿದ್ದರು.

ಸಾಂಗ್ಲಿಯ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟರು. ಆದರೂ ಅವಳ ಉಸಿರು ನಿಲ್ಲುತ್ತಾ ಬಂತು. ಗಂಟಲಿಗೆ ನಳಿಗೆ ಹಾಕಿದರು. ನರ್ಸು ರಬ್ಬರಿನ ಚೀಲ ಒತ್ತುತ್ತಾ ಉಸಿರು ಕೊಟ್ಟಳು. ಅವಳ ಕೈ ಸೋತಾಗ ತವನಪ್ಪನವರು ಒತ್ತಿದರು. ಒಂದು, ಎರಡು, ಬಿಡು. ಒಂದು, ಎರಡು, ಬಿಡು. ಕೈ ನಿಲ್ಲಿಸಿದರೆ ಮಗಳು ಇಲ್ಲ. ಎರಡು ದಿನ ಅವರು ಆ ಚೀಲವನ್ನೇ ನೋಡಿದರು. ಮೂರನೆಯ ಮುಂಜಾನೆ ಬ್ರಾಹ್ಮಿ ತಾನೇ ಉಸಿರು ಎಳೆದಳು. ಮಧ್ಯಾಹ್ನ ಕಣ್ಣು ತೆರೆದಳು.

ಆಗ ತವನಪ್ಪನವರು ಮಿರಜಿಗೆ ಹೊರಟರು. ಶಿದ್ರಾಮನನ್ನು ಅಲ್ಲಿಯ ದವಾಖಾನೆಗೆ ಒಯ್ದಿದ್ದರು. ಕೈಯೊಳಗೆ ಲೋಹದ ಸರಳು ಕೂಡಿಸಿದ್ದರು. ಮೊಣಕೈ ಇನ್ನು ಪೂರಾ ಮಡಚುವುದಿಲ್ಲ, ಹುಟ್ಟು ಹಾಕುವುದು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ತವನಪ್ಪನವರು ಮಂಚದ ಹತ್ತಿರ ನಿಂತು ಅತ್ತರು. "ನನ್ನ ಮಗಳ ಜೀವ ಉಳಿಸಿದಿ. ನಾನು ನಿನ್ನ ಕೈ ತಗೊಂಡ್ನಿ."

ಶಿದ್ರಾಮ ಬಲಗೈಯಿಂದ ಅವರ ಕೈ ಹಿಡಿದ. "ಬ್ರಾಹ್ಮಿ ಹ್ಯಾಂಗದಾಳ್ರಿ?"

"ಕಣ್ಣ ತಗದಾಳ."

"ಛಲೋ ಆತು. ಬೋಟಿಗೆ ಕಂದೀಲ ಹಾಕಿದ್ರ್ಯಾ?"

ತವನಪ್ಪನವರ ಅಳು ನಿಂತಿತು. ಅವರು ಬೋಟನ್ನು ನೆನೆಸಿಯೇ ಇರಲಿಲ್ಲ.

"ಇಲ್ಲ."

ಶಿದ್ರಾಮ ಎದ್ದು ಕೂಡಲು ನೋಡಿದ. "ಮೂರ ದಿನದಿಂದ ಅಲ್ಲೇ ಕತ್ತಲದಾಗ ನಿಂತೈತಿ? ನನ್ನ ಬದಲಿ ಪಾಯಪ್ಪ ದೋಣಿ ನಡಸಾಕ ಹತ್ತ್ಯಾನ್ರಿ ಕಾಕಾ! ಹೊಸಬ ಅವ. ಆರರ ಖೇಪಿಗೆ ಕಾಲೇಜ ಹುಡುಗ್ಯಾರು ಬರ್ತಾರ!"

ಗೋಡೆಯ ಗಡಿಯಾರದಲ್ಲಿ ಮೂರೂವರೆ. "ಏನೇನ ಬೇಕು, ಹೇಳು. ಲಗೂನ ಹೇಳು," ಎಂದರು ತವನಪ್ಪ. ಶಿದ್ರಾಮ ಹೇಳಿದ್ದನ್ನೆಲ್ಲ ಔಷಧದ ಚೀಟಿಯ ಹಿಂದೆ ಬರೆದುಕೊಂಡು ಓಡಿದರು.

ಬಸ್ಸು ಮಿರಜಿನ ಹೊರಗೆ ಟ್ರಕ್ಕಿನ ಸಾಲಿನಲ್ಲಿ ಸಿಕ್ಕಿಕೊಂಡಿತು. ತವನಪ್ಪನವರು ಕಿಟಕಿಯಿಂದ ಹೊತ್ತು ಇಳಿಯುವುದನ್ನು ನೋಡುತ್ತಾ ಕುಳಿತರು. ಸಾಂಗ್ಲಿಯ ಪೇಟೆಯ ಒಂದು ಅಂಗಡಿಯಲ್ಲಿ ಎರಡು ಕಂದೀಲು, ಚಿಮಣಿ ಎಣ್ಣೆ, ಬಿಳಿ ಬಣ್ಣದ ಡಬ್ಬಿ ತೆಗೆದುಕೊಂಡರು. ಹರಿಪುರದ ಘಾಟಿಗೆ ಬಂದಾಗ ಐದೂವರೆ ದಾಟಿತ್ತು. ಪಾಯಪ್ಪನನ್ನು ಕರೆದು ಮೊದಲು ಬೋಟಿಗೆ ಹೋದರು.

ಎತ್ತರದ ಗಳವನ್ನು ಬೋಟಿನ ಮುಂಭಾಗದಲ್ಲಿ ನಿಲ್ಲಿಸಿ ಒಂದು ಕಂದೀಲು ಕಟ್ಟಿದರು. ಹಿಂಭಾಗದಲ್ಲಿ ಅದಕ್ಕಿಂತ ಕೆಳಗೆ ಇನ್ನೊಂದು. ಎಣ್ಣೆ ಬೆಳಗಿನ ತನಕ ಸಾಲುವಷ್ಟು ತುಂಬಿದರು. ಹಗ್ಗ ನೀರಿಗೆ ಇಳಿಯುವ ಕಡೆ ಬಿಳಿ ಪ್ಲಾಸ್ಟಿಕ್ ಕ್ಯಾನು ಕಟ್ಟಿ ತೇಲಿಬಿಟ್ಟರು. ಬಿಳಿ ಬಣ್ಣ ಬಳಿಯುವುದನ್ನು ಮರುದಿನದ ಬೆಳಕಿಗೆ ಬಿಟ್ಟರು. ಆರರ ಖೇಪು ಹೊರಟಾಗ ದೋಣಿಯಲ್ಲಿ ಕುಳಿತ ಹುಡುಗಿಯರು ಆ ಬೆಳಕನ್ನು ದೂರದಿಂದಲೇ ನೋಡಿದರು. ಪಾಯಪ್ಪ ಸುತ್ತು ಹಾಕಿ ದಾಟಿಸಿದ. ಒಬ್ಬರೂ ಅಂಜಲಿಲ್ಲ. ಮೊದಲೇ ಊರ ದಂಡೆಗೆ ಇಳಿದು ನಿಂತಿದ್ದ ತವನಪ್ಪನವರು ಮಾತ್ರ ಕೊನೆಯ ಹುಡುಗಿ ಇಳಿಯುವ ತನಕ ಉಸಿರು ಬಿಗಿ ಹಿಡಿದಿದ್ದರು.

ಕಮಲಾಬಾಯಿ ಮಗಳನ್ನು ಕರೆದುಕೊಂಡು ಮನೆಗೆ ಬಂದ ಮೇಲೆ, ಹಗಲು ಎಣ್ಣೆ ತುಂಬಲು ತಂದ ಕಂದೀಲನ್ನು ತಾವೇ ತಿರುಗಿಸಿ ನೋಡಿದರು. "ಗಾಜ ಪೂರಾ ಮುಚ್ಚೈತಿ. ಹುಳ ಒಳಗ ಬೀಳೂದಿಲ್ಲ," ಎಂದರು. ಆಮೇಲೆ ಗಂಡನ ಮುಖ ನೋಡಿ ಹೇಳಿದರು: "ನಾವು ಹುಳದ ಹೆಸರ ಹೇಳಿ ನಮ್ಮ ಆಲಸ್ಯಾನ ಮುಚ್ಚಕೊಂಡಿದ್ವಿ."

ತವನಪ್ಪನವರು ಮರುದಿನ ಉಳಿದ ಬೋಟಿನವರ ಮನೆಮನೆಗೆ ಹೋದರು. ಕೆಲವರು ನಕ್ಕರು. ಅವರನ್ನು ಮಿರಜಿಗೆ ಕರೆದುಕೊಂಡು ಹೋಗಿ ಶಿದ್ರಾಮನ ಕೈ ತೋರಿಸಿದರು. ತಿಂಗಳೊಳಗೆ ಹದಿನೈದೂ ಬೋಟಿಗೆ ದೀಪ ಬಂತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದೂ ಬೋಟಿದ್ದರೆ ಒಂದು ಮಾತು ಕೇಳಿ. ನಿಂತ ಬೋಟು ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ತಿಳಿಯಬೇಡಿ. ನಾಲ್ಕೂ ದಿಕ್ಕಿಗೆ ಕಾಣುವ ಹಾಗೆ ಎತ್ತರದಲ್ಲಿ ಬಿಳಿ ಬೆಳಕಿನ ಕಂದೀಲು ಕಟ್ಟಿ. ಉಸುಕಿನ ರಾಶಿಯ ಹಿಂದೆ ಇಟ್ಟರೆ ಅದು ಇದ್ದೂ ಇಲ್ಲದಂತೆ. ಬೋಟು ಉದ್ದವಿದ್ದರೆ ಎರಡೂ ತುದಿಗೆ ದೀಪವಿರಲಿ. ಬೋಟಿನ ಅಂಚಿಗೆ ಬಿಳಿ ಪಟ್ಟಿ ಬಳಿಯಿರಿ, ಎದುರಿನವರ ಬ್ಯಾಟರಿ ಬಿದ್ದರೆ ಹೊಳೆಯುತ್ತದೆ. ಹಗ್ಗಕ್ಕೂ ಗುರುತು ಕಟ್ಟಿ. ದೋಣಿ ಹಾಯುವ ದಾರಿಯಲ್ಲಿ ಲಂಗರು ಹಾಕಲೇಬೇಡಿ. ನೀರು ಏರಿದರೆ ಬೋಟು ಎಲ್ಲಿಗೆ ತಿರುಗಿದೆ ಎಂದು ಹೋಗಿ ನೋಡಿ. ಮಂಜು ಬಿದ್ದ ದಿನ ಒಬ್ಬರು ಬೋಟಿನ ಮೇಲಿದ್ದು, ಹುಟ್ಟಿನ ಸದ್ದು ಕೇಳಿದರೆ ತಾಟು ಬಾರಿಸಲಿ.

ಇದನ್ನು ಓದಿ "ಖರೇ ಐತಿ" ಎಂದು ತಲೆಯಾಡಿಸಿ ಮಡಚಿ ಇಡಬೇಡಿ. ಇವತ್ತೇ ಹೊಳೆಗೆ ಹೋಗಿ. ಹೊತ್ತು ಮುಳುಗುವ ಮೊದಲೇ ಹೋಗಿ.