ಎರಡನೇ ಮಗ್ಗುಲು, ಮೂರನೇ ಹಾಡು

ನಾಯಿ ಕವರಿನ ರೆಕಾರ್ಡು ಎಷ್ಟನೇ ಜಾಗದಲ್ಲಿ ನಿಲ್ಲಬೇಕು ಅನ್ನುವುದಕ್ಕೆ ನಾವು ನಾಲ್ವರು ಆಡಿದಷ್ಟು ಜಗಳವನ್ನು ಜನ ಆಸ್ತಿಗೂ ಆಡಿರಲಿಕ್ಕಿಲ್ಲ. ಕವರಿನ ಮೇಲೆ ಕುರ್ಚಿಯಲ್ಲಿ ಕೂತ ನಾಯಿ, ಒಳಗೆ ಹಿಪ್ ಹಾಪ್, ಬೀಟಿನ ಮೇಲೆ ಪ್ರಾಸದ ಮಾತು ಓಡಿಸುವ ಹಾಡು. ತಿಂಗಳಿಗೊಂದರಂತೆ ಇಂಥ ರೆಕಾರ್ಡು ಒಂದು ಹಾಡಿನ ಕ್ಲಬ್ಬಿನಿಂದ ಅಂಚೆಯಲ್ಲಿ ಬರುತ್ತಿತ್ತು, ನಾವೆಲ್ಲ ಅದಕ್ಕೆ ಚಂದಾದಾರರು. ರೆಕಾರ್ಡಿನ ನಿಜವಾದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನಾಯಿ, ಕೋಟಿನವನು, ಹಳದಿ ಬಸ್ಸು ಅಂತ ಕವರಿನಲ್ಲಿ ಏನಿದೆಯೋ ಅದೇ ಹೆಸರು.

ನಾವು ಸೇರುತ್ತಿದ್ದದ್ದು ಹಲ್ಲಿನ ಮೇಷ್ಟ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ, ರಜೆಯ ಮಧ್ಯಾಹ್ನ. ಅವರು ಮೇಷ್ಟ್ರೂ ಅಲ್ಲ, ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವವರು. ಗೋಡೆಯುದ್ದಕ್ಕೂ ಎರಡು ಹಲಗೆ. ಮೇಲಿನದರಲ್ಲಿ ಬಿಳಿ ಪ್ಲಾಸ್ಟರಿನ ದವಡೆಗಳು, ಯಾರೋ ಏನೋ ಹೇಳಿ ಬೆಚ್ಚಿಬೀಳಿಸಿದ ಹಾಗೆ ಬಾಯಿ ಬಿಟ್ಟುಕೊಂಡು. ಕೆಳಗಿನದರಲ್ಲಿ ನಮ್ಮ ಕವರುಗಳು ಸಾಲಾಗಿ. ಎಡತುದಿ ಅಂದರೆ ಒಂದನೇ ಜಾಗ. ಹೊಸ ರೆಕಾರ್ಡು ಕೇಳಿ ಮುಗಿದ ಮೇಲೆ ಯಾರ ಸರದಿಯೋ ಅವರು ಅದನ್ನು ತಮಗೆ ಕಂಡಲ್ಲಿ ನಿಲ್ಲಿಸಬೇಕು. ನಿಲ್ಲಿಸಿ ಕಾರಣ ಹೇಳಬೇಕು. ಆಮೇಲೆ ಜಗಳ.

ಅವತ್ತು ನಾಯಿಯನ್ನು ಎತ್ತಿ ಬಲಗಡೆಗೆ, ಹೆಚ್ಚುಕಡಿಮೆ ಬಾಗಿಲ ಹತ್ತಿರಕ್ಕೆ ತಳ್ಳಿದವನು ನಮ್ಮಣ್ಣ.

"ಯಾಕ್ರೀ ಪಾಪ, ಬೀಟು ಚೆನ್ನಾಗಿತ್ತಲ್ಲ," ಅಂದರು ಕನ್ನಡಕದೋರು. ಎದುರು ಸಾಲಿನಲ್ಲಿ ಅವರದು ಕನ್ನಡಕದ ಅಂಗಡಿ.

"ಬೀಟು ಚೆನ್ನಾಗಿದ್ರೆ ಸಾಕಾ? ಅವನು ಹಾಡೋವಾಗ ಒಂದು ಸಲನಾದ್ರೂ ಉಸಿರು ಎಳೆದಿದ್ದು ಕೇಳಿಸ್ತಾ ನಿಮಗೆ? ಎಲ್ಲಾ ಕತ್ತರಿಸಿ ಬಿಸಾಕಿದ್ದಾರೆ."

"ಕತ್ತರಿಸಿದ್ರೆ ಒಳ್ಳೇದೇ ಆಯ್ತಲ್ಲ, ಪದ ಸ್ಪಷ್ಟವಾಗಿ ಕೇಳುತ್ತೆ."

"ನಿಮಗೆ ಎಲ್ಲಾ ಒರೆಸಿ ಇಟ್ಟ ಗಾಜಿನ ಹಾಗಿರಬೇಕು. ಉಸಿರು ಎಲ್ಲಿ ತಗೊಂಡ ಅಂತ ತಿಳಿದ್ರೆ ತಾನೇ ಎಷ್ಟು ದೂರ ಓಡಿದ ಅಂತ ತಿಳಿಯೋದು? ಉಸಿರು ಕದ್ದ ರೆಕಾರ್ಡನ್ನ ನಾನು ನಂಬಲ್ಲ, ಅಷ್ಟೇ."

ನಾನು ಹೌದು ಹೌದು ಅಂದೆ. ಕೋಣೆಯಲ್ಲಿ ನನ್ನ ದನಿ ಉಜ್ಜಿಕೊಂಡು ಹೋದ ಹಾಗೆ ಕೇಳಿಸಿತು. ಗಂಟಲಿನ ಆಪರೇಶನ್ ಆದಮೇಲೆ ನನ್ನ ದನಿ ಹೀಗೇ. ಹಲ್ಲಿನ ಸೆಟ್ಟು ನುಣುಪು ಮಾಡುವ ಉಪ್ಪುಕಾಗದ ಅಲ್ಲಿ ಬಿದ್ದಿರುತ್ತಲ್ಲ, ಅದನ್ನು ನೋಡಿ ಕನ್ನಡಕದೋರು ನನಗೂ ಅದೇ ಹೆಸರಿಟ್ಟಿದ್ದರು. "ಉಪ್ಪುಕಾಗದ ಅಣ್ಣನ ಪರ ಅಂತ ಮೊದಲೇ ಗೊತ್ತಿತ್ತು ಬಿಡಿ," ಅಂದರು. ನಾನೂ ನಕ್ಕೆ. ಅಣ್ಣನ ಪರ ಇಲ್ಲದೆ ಇನ್ಯಾರ ಪರ ಇರಲಿ. ನನಗೆ ಈ ಹಾಡುಗಳ ಹುಚ್ಚು ಹಿಡಿಸಿದವನೇ ಅವನು.

ಅಣ್ಣ ಈಗ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಆದರೆ ಮೀಸೆ ಸರಿಯಾಗಿ ಬಾರದ ವಯಸ್ಸಿನಲ್ಲಿ ಅವನು ಹಾಡು ಕಟ್ಟುತ್ತಿದ್ದ. ಒಂದು ಬೇಸಿಗೆಯಿಡೀ ಬಚ್ಚಲಮನೆಯಲ್ಲಿ ಕೂತು ಒಂದು ಕ್ಯಾಸೆಟ್ ತುಂಬಿಸಿದ್ದೆವು. ಇದ್ದದ್ದು ಒಂದೇ ಮೈಕು. ಅವನು ಮುಂದೆ, ನಾನು ಅವನ ತೋಳಿಗೆ ಅಂಟಿಕೊಂಡು ಪಕ್ಕದಲ್ಲಿ. ಹಾಡುಗಳೆಲ್ಲ ಅವನವು. ಎರಡನೇ ಮಗ್ಗುಲಿನ ಮೂರನೇ ಹಾಡಿನ ನಡುವೆ ಬರುವ ಒಂದು ಪದ್ಯ ಮಾತ್ರ ನನ್ನದು. ಬರೆದದ್ದೂ ನಾನೇ, ಹೇಳಿದ್ದೂ ನಾನೇ.

ಮೆಟ್ಟಿಲ ಮೇಲೆ ಸದ್ದು, ಅದು ಅಪ್ಪನ ಬೂಟಿನದ್ದು,
ದೀಪ ಆರಿಸಿ ಬಿದ್ದುಕೋ, ಕಂಬಳಿ ಮುಖಕ್ಕೆ ಹೊದ್ದು,
ಒಂದೇ ಕಂಬಳಿ ಒಳಗೆ ಅಣ್ಣನ ಕೈ ಹಿಡಿದು...

ಹೀಗೆ ಹೋಗುತ್ತದೆ. ನಮ್ಮಪ್ಪ ಕುಡಿದು ಬಂದಾಗಿನ ಮಾತು ಅದು, ಹೆಚ್ಚು ವಿವರಿಸುವುದು ಬೇಡ. ರೆಕಾರ್ಡು ಮಾಡುವಾಗ ಅಣ್ಣ ನನ್ನನ್ನು ಬೈಯುತ್ತಿದ್ದ: "ನನ್ನ ಸಾಲು ಮುಗಿಯೋಕೆ ಮುಂಚೆನೇ ಉಸಿರು ಎಳೀತೀಯಲ್ಲೇ, ಈಜು ಬಾರದವಳು ಕೆರೆಗೆ ಹಾರೋ ಹಾಗೆ." ನನಗೆ ಹೆದರಿಕೆ. ಪದ್ಯ ಪೂರ್ತಿ ಒಂದೇ ಉಸಿರಿನಲ್ಲಿ ಹೇಳಬೇಕು ಅಂತ ನಾನೇ ಪಂತ ಕಟ್ಟಿಕೊಂಡಿದ್ದೆ.

ಆಪರೇಶನ್ ಆದಮೇಲೆ ಆ ದನಿ ಪ್ರಪಂಚದಲ್ಲಿ ಉಳಿದಿದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ನಾನು ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದೆ.

ವರ್ಷಕ್ಕೊಮ್ಮೆ ಕ್ಲಬ್ಬಿನವರು ಯಾರೂ ಕೇಳದ ಹಳೇ ಕ್ಯಾಸೆಟ್ಟೊಂದನ್ನು ಹುಡುಕಿ ರೆಕಾರ್ಡು ಮಾಡುತ್ತಾರೆ. ಚಳಿಗಾಲದಲ್ಲಿ ಅಣ್ಣ ಮನೆಗೆ ಬಂದು, "ಆ ಕ್ಯಾಸೆಟ್ ಕೊಡೇ, ಅವರಿಗೆ ಕಳಿಸಿ ನೋಡೋಣ," ಅಂದ. ಕೊಟ್ಟೆ. ಅವರು ಒಪ್ಪಿದರು ಅಂತ ಫೋನು ಮಾಡಿದಾಗ ನಾನು ಲಾಂಡ್ರಿಯಲ್ಲಿ ಹೋಟೆಲಿನ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಒಂದು ಹೊದಿಕೆ ಸುಟ್ಟೇಹೋಯಿತು.

"ಏನಾಯ್ತೇ ನಿಂಗೆ?" ಅಂದಳು ಗಂಜಿ ಅಕ್ಕ. ಬಟ್ಟೆಗೆ ಗಂಜಿ ಹಾಕುವ ಕೆಲಸ ಅವಳದು, ಹೆಸರೂ ಅದೇ.

"ನನ್ನ ದನಿ ರೆಕಾರ್ಡಾಗಿ ಬರುತ್ತಂತೆ ಅಕ್ಕ. ಹಳೇ ದನಿ."

"ಈ ಕೊರಕಲು ಗಂಟಲಿಗೆ ಹಳೇದು ಅಂತ ಬೇರೆ ಒಂದಿತ್ತಾ?" ಅಂದವಳು, ಆಮೇಲೆ ಅದನ್ನು ಇಡೀ ಲಾಂಡ್ರಿಗೆ ಸಾರಿದಳು. ಪಾರ್ಸೆಲ್ಲು ಒಡೆಯುವ ದಿನ ನನ್ನ ಕುಪ್ಪಸಕ್ಕೂ ಗಂಜಿ ಹಾಕಿಕೊಟ್ಟಳು. "ರೆಕಾರ್ಡಲ್ಲಿ ಬರೋಳು ಮುದುಡಿಕೊಂಡು ಹೋಗ್ತಾಳಾ? ಹೋಗು, ಬಂದು ಹೆಂಗಿತ್ತು ಹೇಳು."

ಆ ಕುಪ್ಪಸದಲ್ಲಿ ತೋಳು ಮಡಿಸಲೂ ಆಗದೆ, ನೆಟ್ಟಗೆ ಕೂತು ಪಾರ್ಸೆಲ್ಲಿಗೆ ಕಾದೆ. ಕವರಿನ ಮೇಲೆ ಬರೀ ಮೆಟ್ಟಿಲುಗಳ ಚಿತ್ರ. "ಸರಿ, ಇದರ ಹೆಸರು ಮೆಟ್ಟಿಲು," ಅಂದರು ಮೇಷ್ಟ್ರು. ಕನ್ನಡಕದೋರು ಹಿಂದೆ ತಿರುಗಿಸಿ ಓದಿದರು. "ಏನ್ ಸ್ವಾಮಿ, ನಿಮ್ಮೊಬ್ಬರದೇ ಹೆಸರಿದೆ. ಉಪ್ಪುಕಾಗದದ್ದು ಎಲ್ಲಿ?"

"ಜಾಗ ಸಾಲಲಿಲ್ಲವಂತೆ," ಅಂದ ಅಣ್ಣ, ಕಿಟಕಿ ಕಡೆ ನೋಡುತ್ತಾ.

ನನಗೇನೂ ಅನ್ನಿಸಲಿಲ್ಲ. ಹೆಸರು ಯಾರಿಗೆ ಬೇಕು. ದನಿ ಇದ್ದರೆ ಸಾಕು ಅಂದುಕೊಂಡೆ.

ಮೊದಲ ಮಗ್ಗುಲು ಮುಗಿಯಿತು. ಮೇಷ್ಟ್ರು ತಲೆದೂಗುತ್ತಲೇ ಇದ್ದರು. "ಕೋಟಿನವನಿಗಿಂತ ಮೇಲೆ ಹೋಗಬಹುದು ಕಣ್ರೀ ಇದು," ಅಂದರು. ಕನ್ನಡಕದೋರು ಒಪ್ಪಲಿಲ್ಲ. ಕೋಟಿನವನು ಮಾತನ್ನು ಎಳೆದು ಎಳೆದು ಬಿಡುತ್ತಾನೆ, ಇವರು ಬಸ್ಸಿಗೆ ಹೊತ್ತಾದ ಹಾಗೆ ಓಡುತ್ತಾರೆ ಅಂದರು. "ಓಡಿದ್ರೇನು, ಬಸ್ಸು ಹಿಡಿದ್ರಲ್ಲ," ಅಂದರು ಮೇಷ್ಟ್ರು. ಬೇರೆ ದಿನವಾಗಿದ್ದರೆ ಇಂಥ ಮಾತಿಗೆ ನಮ್ಮಣ್ಣ ಎದ್ದು ನಿಂತು ವಾದ ಮಾಡುತ್ತಿದ್ದ. ಅವತ್ತು ಒಂದು ಪ್ಲಾಸ್ಟರಿನ ದವಡೆ ಕೈಗೆತ್ತಿಕೊಂಡು ತೆರೆಯುತ್ತಾ ಮುಚ್ಚುತ್ತಾ ಕೂತಿದ್ದ. ಸಂಕೋಚ ಅಂದುಕೊಂಡೆ ನಾನು.

ಎರಡನೇ ಮಗ್ಗುಲಿನ ಮೂರನೇ ಹಾಡು ಶುರುವಾಯಿತು. ಅಣ್ಣನ ಎಳೇ ದನಿ, ಬಚ್ಚಲಿನ ಗುಂಯ್ ಅನ್ನುವ ಗೋಡೆಗಳು. ಅವನ ಕೊನೆಯ ಸಾಲು ಬಂತು. ನಾನು ಕಣ್ಣು ಮುಚ್ಚಿದೆ.

ಮೆಟ್ಟಿಲ ಮೇಲೆ ಸದ್ದು, ಅದು ಅಪ್ಪನ ಬೂಟಿನದ್ದು.

ಗಂಡಸಿನ ದನಿ. ಎಳೇ ಹುಡುಗನದಲ್ಲ, ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು" ಅಂದು ಅಂದು ದಪ್ಪಗಾದ ಗಂಟಲು. ಈಗಿನ ಅಣ್ಣ. ಒಂದಕ್ಷರ ಬಿಡದೆ ನನ್ನ ಪದ್ಯ ಹೇಳುತ್ತಾ ಹೋದ. ಒಂದೇ ಒಂದು ಕಡೆ ಬದಲಾಯಿಸಿದ್ದ. "ಒಂದೇ ಕಂಬಳಿ ಒಳಗೆ ತಂಗಿಯ ಕೈ ಹಿಡಿದು" ಅಂದ.

ಆ ಕೈ ನಾನು ಹಿಡಿದುಕೊಂಡಿದ್ದೆ. ಅದನ್ನೂ ತನ್ನ ಕಡೆಗೆ ತಿರುಗಿಸಿಕೊಂಡ.

ರೆಕಾರ್ಡು ಮುಗಿದು ಮುಳ್ಳು ಸುಮ್ಮನೆ ಸುತ್ತುತ್ತಿತ್ತು. "ಆ ಮೂರನೇ ಹಾಡಿನ ನಡುವಿನ ಪದ್ಯ ಇದೆಯಲ್ಲ," ಅಂದರು ಮೇಷ್ಟ್ರು, "ರೆಕಾರ್ಡಿಗೆಲ್ಲ ಅದೇ ಕಳಶ. ಎಂಥ ಪದ್ಯ ಬರೆದಿದ್ದೀರಿ ಮಾರಾಯ್ರೆ."

ಅಣ್ಣ ಹೂಂ ಅಂದ. ಹೂಂ ಅಂದನಲ್ಲ, ನಾನು ಪಕ್ಕದಲ್ಲಿ ಕೂತಿರುವಾಗ.

"ಅಣ್ಣ," ಅಂದೆ, "ನಾನೆಲ್ಲಿ?"

"ನಿಂಗೆ ಹೇಳಬೇಕು ಅಂತಿದ್ದೆ ಕಣೇ. ಆ ಹಾಡಿನ ಹತ್ತಿರ ಟೇಪು ಸುರುಳಿ ಸುತ್ತಿಕೊಂಡು ಹಾಳಾಗಿತ್ತು. ಪೂರ್ತಿ ಹಾಡೇ ಹೋಗಿತ್ತು. ಬೀಟಿನ ಕ್ಯಾಸೆಟ್ ಬೇರೆ ಇತ್ತಲ್ಲ, ಅದನ್ನ ಹಾಕ್ಕೊಂಡು ಮೊದಲಿಂದ ಕೊನೇವರೆಗೂ ಹೊಸದಾಗಿ ಹಾಡಿದೆ. ನಿನ್ನ ಕರೆಯೋಣ ಅಂದ್ರೆ, ನಿನ್ನ ಗಂಟಲು..." ಅಂದು ನಿಲ್ಲಿಸಿದ.

ನಂಬಿದೆ. ನಂಬಬೇಕು ಅನ್ನಿಸಿತು. ಟೇಪು ಸುತ್ತಿಕೊಳ್ಳುವುದು ಹೊಸದೇನಲ್ಲವಲ್ಲ. ಹಾಡಿನ ಶುರುವಿಗೆ ಕೇಳಿದ್ದು ಅವನ ಎಳೇ ದನಿ ಅನ್ನುವುದು ಆಗ ಹೊಳೆಯಲೇ ಇಲ್ಲ.

"ಪಾಪ," ಅಂದರು ಕನ್ನಡಕದೋರು. "ಸರಿ, ಮಾಡಿದವರೇ ಜಾಗ ಹೇಳೋ ಹಾಗಿಲ್ಲ. ಉಪ್ಪುಕಾಗದದ್ದೇ ಸರದಿ. ಎಲ್ಲಿ ನಿಲ್ಲಿಸ್ತೀರಿ?"

ಕವರು ಕೈಗೆ ಬಂತು. "ಇನ್ನೊಂದ್ಸಲ ಕೇಳ್ತೀನಿ," ಅಂದೆ. ಯಾಕೆ ಅಂದೆನೋ. ಇಲ್ಲದ ದನಿಯನ್ನು ಹುಡುಕುವ ಆಸೆ ಇದ್ದಿರಬೇಕು. ಮೇಷ್ಟ್ರು ಮುಳ್ಳನ್ನು ಎತ್ತಿ ಮೂರನೇ ಹಾಡಿನ ಮೇಲಿಟ್ಟರು. ಈ ಸಲ ಕಣ್ಣು ತೆರೆದುಕೊಂಡೇ ಕೇಳಿದೆ. ಅಣ್ಣನ ಎಳೇ ದನಿ ಕೊನೆಯ ಸಾಲಿಗೆ ಬಂತು. ಸಾಲಿನ ಕೊನೆಯ ಪದ ಅವನ ಬಾಯಲ್ಲಿ ಇನ್ನೂ ಇದ್ದಾಗ, ಅದರ ಪಕ್ಕದಲ್ಲೇ, ಹ್ಞಾ ಅಂತ ಯಾರೋ ಜೋರಾಗಿ ಗಾಳಿ ಎಳೆದುಕೊಂಡರು.

"ಇದೇನಿದು, ಪಕ್ಕದಲ್ಲಿ ಯಾರೋ ಇದ್ದ ಹಾಗಿದೆ," ಅಂದರು ಕನ್ನಡಕದೋರು.

ನಾನೇ. ಈಜು ಬಾರದವಳು ಕೆರೆಗೆ ಹಾರುವ ಮುಂಚೆ. ಹಾರುವುದಕ್ಕೆ ಬಿಡದೆ ಅಲ್ಲಿಗೇ ಹಿಡಿದು ನಿಲ್ಲಿಸಿದ್ದರು.

ನಾನೇ ಎದ್ದು ಮುಳ್ಳನ್ನು ತೆಗೆದೆ. "ಪೂರ್ತಿ ಹಾಡು ಹೊಸದಾಗಿ ಹಾಡಿದೆ ಅಂದ್ಯಲ್ಲ ಅಣ್ಣ. ನೀನು ಹೊಸದಾಗಿ ಹಾಡೋವಾಗ ನಾನು ನಿನ್ನ ಪಕ್ಕದಲ್ಲಿ ಇದ್ನಾ?"

ಅವನು ದವಡೆಯನ್ನು ಹಲಗೆಯ ಮೇಲಿಟ್ಟ. ಮೇಲಿನದೂ ಕೆಳಗಿನದೂ ಸರಿಯಾಗಿ ಕೂರುವವರೆಗೆ ಜೋಡಿಸಿದ.

"ಆ ಉಸಿರು ತೆಗೆಯೋಕೆ ಆಗಲಿಲ್ಲ," ಅಂದ. "ತೆಗೆದ್ರೆ ನನ್ನ ಪದಾನೂ ತುಂಡಾಗ್ತಿತ್ತು."

"ಟೇಪಿಗೆ ಏನೂ ಆಗಿರಲಿಲ್ಲ."

"ಇಲ್ಲ."

"ಮತ್ತೆ ಯಾಕೆ?"

"ಕ್ಲಬ್ಬಿನ ಮನುಷ್ಯನಿಗೆ ಫೋನಲ್ಲೇ ಇಡೀ ಕ್ಯಾಸೆಟ್ ಹಾಕಿ ಕೇಳಿಸಿದೆ. ಎರಡೂ ಮಗ್ಗುಲು. ಅಷ್ಟೂ ಕೇಳಿದ ಮೇಲೆ ಅವನು ಕೇಳಿದ್ದು ಒಂದೇ ಮಾತು, ಆ ಹುಡುಗಿ ಯಾರು ಅಂತ." ಅಣ್ಣನ ದನಿ ಸಣ್ಣಗಾಯಿತು. "ಬೇರೆ ಹಾಡೆಲ್ಲ ನಾನು ಕಟ್ಟಿದ್ದು ಕಣೇ. ಒಂದರ ಬಗ್ಗೆನೂ ಅವನು ಏನೂ ಅನ್ನಲಿಲ್ಲ."

"ನೀನೇನಂದೆ?"

"ತಂಗಿಗೆ ಇಷ್ಟ ಇಲ್ಲವಂತೆ, ಅವಳ ಭಾಗ ತೆಗೆಯೋಕೆ ಹೇಳಿದ್ಲು, ಅಂದೆ."

ಕನ್ನಡಕದೋರು ಕನ್ನಡಕ ತೆಗೆದು ಒರೆಸತೊಡಗಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

ನನಗೆ ಕೇಳಬೇಕಾದ್ದು ಇನ್ನೊಂದಿತ್ತು. ಕೇಳದೆ ಹೋಗಬಹುದಿತ್ತು, ಆದರೆ ಕಾಲು ಬರಲಿಲ್ಲ. "ಕ್ಯಾಸೆಟ್ ಕೊಡು. ನಾಳೆ ಬಂದು ತಗೊಂಡು ಹೋಗ್ತೀನಿ."

ಸರಿಯಾಗಿಯೇ ಕೂತಿದ್ದ ದವಡೆಯನ್ನು ಅವನು ಮತ್ತೆ ಜೋಡಿಸತೊಡಗಿದ.

"ಅಣ್ಣ."

"ಅದರ ಮೇಲೇ ತುಂಬಿಸಿದೆ," ಅಂದ. "ನಿನ್ನ ಪದ್ಯ ಬಂದ ತಕ್ಷಣ ಬಟನ್ ಒತ್ತಿ, ಅದರ ಮೇಲೇ ಹೇಳಿದೆ. ಬೇರೆ ಕಾಪಿ ಮಾಡ್ಕೊಂಡಿರಲಿಲ್ಲ."

ಅಪ್ಪ ಹೊಡೆಯುತ್ತಿದ್ದ, ಅದು ಮೊದಲಿಂದ ಗೊತ್ತಿದ್ದ ಸಂಗತಿ. ಅದಕ್ಕೇ ಕಂಬಳಿ ಇತ್ತು. ಕಂಬಳಿಯ ಒಳಗಿದ್ದವನಿಂದಲೂ ಹುಷಾರಾಗಿರಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಅಳು ಬರಲಿಲ್ಲ. ಗಂಜಿ ಹಾಕಿದ ಕುಪ್ಪಸ ಮಾತ್ರ ಕಂಕುಳಲ್ಲಿ ಕುಯ್ಯುತ್ತಿತ್ತು.

ಮೆಟ್ಟಿಲಿನ ಕವರನ್ನು ಅವನ ಕೈಗೆ ಕೊಟ್ಟೆ. "ನೀನೇ ನಿಲ್ಲಿಸು."

"ಮಾಡಿದವರು ನಿಲ್ಲಿಸೋ ಹಾಗಿಲ್ಲ..." ಅಂದ.

"ಇದರಲ್ಲಿ ಅರ್ಧ ಮಾಡಿದವಳು ಹೇಳ್ತಿದೀನಿ, ನಿಲ್ಲಿಸು. ಕಾರಣನೂ ನೀನೇ ಹೇಳು."

ಅವನು ಹಲಗೆಯ ಮುಂದೆ ನಿಂತ. ಎಡತುದಿಯವರೆಗೆ ಕೈ ಹೋಯಿತು, ಅಲ್ಲಿಂದ ನಾಯಿಯ ಹತ್ತಿರ ಬಂತು, ಅಲ್ಲೂ ನಿಲ್ಲಲಿಲ್ಲ. ಎಂಥೆಂಥ ರೆಕಾರ್ಡುಗಳನ್ನು ಕಣ್ಣು ಮಿಟುಕಿಸದೆ ಎತ್ತಿ ಒಗೆದವನು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಬಾಗಿಲು ದಾಟುವಾಗ ಹಿಂದಿನಿಂದ ಕನ್ನಡಕದೋರು, "ಆದ್ರೂ ಬೀಟು ಮಾತ್ರ..." ಅಂತ ಶುರುಮಾಡಿದ್ದೂ, ಮೇಷ್ಟ್ರು "ಸುಮ್ಮನಿರ್ರೀ" ಅಂದದ್ದೂ ಕೇಳಿಸಿತು. ಅಣ್ಣ ಅದನ್ನು ಎಲ್ಲಿ ನಿಲ್ಲಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮತ್ತೆ ಆ ಕೋಣೆಗೆ ಹೋಗಿಲ್ಲ.

ಮರುದಿನ ಲಾಂಡ್ರಿಯಲ್ಲಿ ಹಬೆ ಏಳುವ ಮುಂಚೆಯೇ ಗಂಜಿ ಅಕ್ಕ ಮೊಣಕೈವರೆಗೂ ಬಿಳಿ ಮಾಡಿಕೊಂಡು ಎದುರು ಬಂದು ನಿಂತಳು. ಹಿಂದೆ ಉಳಿದವರೆಲ್ಲ ಕೆಲಸ ಮಾಡುವವರ ಹಾಗೆ ನಟಿಸುತ್ತಾ ಕಿವಿ ಇಟ್ಟಿದ್ದರು.

"ಬಂತೇನೇ ನಿನ್ನ ದನಿ?"

"ಬಂತು ಅಕ್ಕ."

"ಹೆಂಗಿತ್ತು, ಸ್ವಲ್ಪ ತೋರಿಸು."

ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಬಾಯಿ ತೆರೆದು, ಎದೆ ತುಂಬಾ ಉಸಿರು ಎಳೆದುಕೊಂಡೆ. ಉಸಿರಿಗೆ ಆಪರೇಶನ್ ಆಗಿರಲಿಲ್ಲ. ಬಚ್ಚಲಮನೆಯಲ್ಲಿ ಇದ್ದ ಹಾಗೇ ಇತ್ತು.

ಗಂಜಿ ಅಕ್ಕ ಕಾದಳು. "ಆಮೇಲೆ?"

"ಆಮೇಲೆ ನಮ್ಮಣ್ಣ," ಅಂದೆ.