ಅಕ್ಕನ ಕೋಣೆಯಲ್ಲಿ ಹೊಸ ಕ್ಯಾಮೆರಾ

ಹೊಸ ಕ್ಯಾಮೆರಾಗಳನ್ನು ಪರೀಕ್ಷಿಸಿ ಪತ್ರಿಕೆಗೆ ಬರೆಯುವುದು ತಂಗಿಯ ಕೆಲಸ. ಯಾವ ಕ್ಯಾಮೆರಾ ಕೈಗೆ ಬಂದರೂ ಅವಳು ಮೊದಲು ಹೊತ್ತೊಯ್ಯುವುದು ಅಕ್ಕನ ಪಿಟೀಲು ರಿಪೇರಿ ಕೋಣೆಗೆ. ಅಷ್ಟು ಇಕ್ಕಟ್ಟಾದ, ಅಷ್ಟು ಮಬ್ಬಾದ ಜಾಗ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅಲ್ಲಿ ಗೆದ್ದದ್ದು ಎಲ್ಲಿ ಬೇಕಾದರೂ ಗೆದ್ದೀತು.

ಈ ಸಲ ಬಂದದ್ದು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್; ಒಳಗಿನ ಸೆನ್ಸರ್ ದೊಡ್ಡದು, ಅದೇ ಲೆನ್ಸಿನಲ್ಲೂ ಹೆಚ್ಚು ಅಗಲ ಕಾಣುತ್ತದೆ. ಅಕ್ಕ ಎತ್ತಿ ನೋಡಿ ಹುಬ್ಬೇರಿಸಿದಳು.

“ಏನೇ ಇದು, ಒಳ್ಳೇ ಗುಂಡುಕಲ್ಲು!”

“ಭಾರ ಏನೋ ಹೌದು. ಆದ್ರೆ ಕೈಯಲ್ಲಿ ಹೇಗೆ ಕೂತ್ಕೊಳ್ಳುತ್ತೆ ನೋಡಕ್ಕ.”

“ಇವತ್ತು ನನ್ನ ತಲೆ ತಿನ್ಬೇಡ ಕಣೇ. ಈ ಪಿಟೀಲು ನುಡಿಸಿದ್ರೆ ಎಲ್ಲೋ ಗುಂಯ್ ಅನ್ನುತ್ತೆ. ಹುಡುಕಿ ಹುಡುಕಿ ಸಾಕಾಯ್ತು. ಫ್ಲ್ಯಾಶ್ ಹೊಡೆದೆಯೋ, ಆಚೆ ಅಟ್ತೀನಿ.”

ಫ್ಲ್ಯಾಶ್ ಬೇಕೂ ಆಗಲಿಲ್ಲ. ಹಳೆಯ ಕ್ಯಾಮೆರಾದಲ್ಲಾದರೆ ಬೆನ್ನು ಬೀರುವಿಗೆ ಅಂಟಿಸಿ ನಿಂತರೂ ಅಕ್ಕನ ತಲೆಯೋ ಮೇಜೋ ಕತ್ತರಿಸಿ ಹೋಗುತ್ತಿತ್ತು. ಈಗ ಅದೇ ಲೆನ್ಸ್ ಹಾಕಿ ಕಣ್ಣಿಟ್ಟಳು. ಕಿಂಡಿಯಲ್ಲಿ ಇಣುಕುತ್ತಿದ್ದವಳಿಗೆ ಯಾರೋ ಬಾಗಿಲನ್ನೇ ತೆರೆದಂತಾಯಿತು. ಅಕ್ಕ, ಮೇಜು, ಗೋಂದಿನ ಡಬ್ಬಿ, ಗೋಡೆಗೆ ತೂಗುಹಾಕಿದ ಪಿಟೀಲುಗಳು, ಎಲ್ಲವೂ ಚೌಕಟ್ಟಿನೊಳಗೆ ಹಿಡಿಸಿದ್ದವು! ಮಬ್ಬಿನಲ್ಲೂ ಚಿತ್ರ ಮೂಡುವಂತೆ ಐಎಸ್‌ಒ ಏರಿಸಿ, ಕಿಟಕಿಯಿಂದ ಓರೆಯಾಗಿ ಬೀಳುತ್ತಿದ್ದ ಬೆಳಕಿನಲ್ಲೇ ಪಟಪಟನೆ ಕ್ಲಿಕ್ಕಿಸಿದಳು.

ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಹಿಗ್ಗಿಸಿದಳು. ಕತ್ತಲ ಮೂಲೆಯಲ್ಲೂ ಮರದ ಎಳೆ ಎಳೆ ಕಾಣುತ್ತಿತ್ತು.

“ಅಕ್ಕ, ಒಂದ್ನಿಮಿಷ ಬಾ ಇಲ್ಲಿ.”

ಅಕ್ಕ ಒಲ್ಲದ ಮನಸ್ಸಿನಿಂದ ಕೈ ಒರೆಸಿಕೊಂಡು ಬಂದಳು. ನೋಡುತ್ತ ನೋಡುತ್ತ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಪಿಟೀಲಿನ ಮೇಲೆ ಇದೇನೇ ಗೆರೆ?”

“ಕೂದಲು ಬಿದ್ದಿರ್ಬೇಕು.”

“ಕೂದಲಲ್ಲ ಇದು!”

ಓಡಿಹೋಗಿ ಮೇಜಿನ ಮೇಲಿದ್ದ ಆ ಗುಂಯ್‌ಗುಡುವ ಪಿಟೀಲು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಗೆರೆ ತುಟಿಯಂತೆ ಒಂಚೂರು ಬಿಚ್ಚಿ ಮುಚ್ಚಿಕೊಂಡಿತು. ಬಿರುಕು!

“ಸಿಕ್ಕಿಬಿದ್ದೆಯಾ ಕಳ್ಳಿ!” ಎಂದು ಅಕ್ಕ ಕುಣಿಯುವುದೊಂದು ಬಾಕಿ.

ಬಿರುಕಿಗೆ ಗೋಂದು ಸವರಿ, ಕ್ಲ್ಯಾಂಪಿನಿಂದ ಬಿಗಿದು ಒಣಗಲು ಬಿಟ್ಟಳು. ಮರುದಿನ ಕಮಾನು ಎಳೆದರೆ ಗುಂಯ್‌ಗುಡುವ ಸದ್ದಿನ ಸುಳಿವೇ ಇಲ್ಲ, ಸ್ವರ ತಿಳಿನೀರಿನಂತೆ ಹರಿಯಿತು.

ತಂಗಿ ಅಲ್ಲೇ ಕೂತು ಕ್ಯಾಮೆರಾವನ್ನು ಮನಸಾರೆ ಹೊಗಳಿ ಬರೆದಳು. ಫೋಕಸ್ ಬಿಂದುಗಳೆಲ್ಲ ನಡುವೆಯೇ ಗುಂಪುಗೂಡಿವೆ, ಅಂಚಿನಲ್ಲಿರುವವರ ಮುಖ ಹಿಡಿಯುವುದು ಕಷ್ಟ ಎಂದೂ ಸೇರಿಸಿದಳು. ಅಕ್ಕ ಹೆಗಲ ಮೇಲಿಂದ ಬಗ್ಗಿ ಓದಿ ಮುನಿಸಿಕೊಂಡಳು.

“ಆ ಸಾಲು ತೆಗಿ. ಪಾಪ, ಅಷ್ಟು ಉಪಕಾರ ಮಾಡಿದೆ.”

“ನಿಜ ಬರೀಬೇಕಲ್ಲಕ್ಕ.”

“ಹಾಗಾದ್ರೆ ಅಂಚಲ್ಲಿ ನಿಲ್ಬೇಡಿ ಅಂತ ಜನಕ್ಕೇ ಹೇಳು!”