ಭರಮವ್ವ ತಂದ ಹೆಣದ ಬಟ್ಟೆ

ಬಟ್ಟೆಯ ಬರ ಎಂದರೆ ಏನೆಂದು ಆ ವರ್ಷ ತಿಳವಳ್ಳಿಯ ಹೆಂಗಸರನ್ನು ಕೇಳಬೇಕಿತ್ತು. ಯುದ್ಧವೇನೋ ಮುಗಿದಿತ್ತು, ಉಡುವುದಕ್ಕೆ ಮಾತ್ರ ಬಟ್ಟೆಯಿಲ್ಲ. ತಾಯಿ ಮಗಳು ಒಂದೇ ಸೀರೆಯನ್ನು ಸರದಿಯ ಮೇಲೆ ಉಡುವ ಮನೆಗಳಿದ್ದವು. ಒಬ್ಬಳು ಹೊಲಕ್ಕೆ ಹೋದರೆ ಇನ್ನೊಬ್ಬಳು ಕದ ಹಾಕಿಕೊಂಡು ಒಳಗೆ ಕೂಡಬೇಕು. ಸರಕಾರ ಅಳತೆಯ ಮೇಲೆ ಬಟ್ಟೆ, ಕಾಳು ಕೊಡುವ ಕಂಟ್ರೋಲ್ ಅಂಗಡಿಗೆ ಬಂದ ಬಟ್ಟೆಯಲ್ಲಿ ಊರ ಪಂಚರು ಒಂದಿಷ್ಟು ಮಾದರಪಾಟವೆಂಬ ದಪ್ಪ ಬಿಳಿ ಬಟ್ಟೆಯನ್ನು ಹೆಣಕ್ಕೆಂದು ತೆಗೆದಿಡುತ್ತಿದ್ದರು. ಸಾವಾದ ಮನೆಯವರು ಬಂದು ಹೇಳಿದರೆ ಸಾಕು, ಸಾಕ್ಷಿ ಕೇಳುತ್ತಿರಲಿಲ್ಲ. ಸಾವಿನ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳುತ್ತಾರೆಯೇ?

ಭರಮವ್ವ ಹೇಳಿದಳು. ಗಂಡನನ್ನು ಕಳೆದುಕೊಂಡವಳು, ಬೆಳೆದ ಮಗಳೊಬ್ಬಳ ತಾಯಿ. ಒಂದು ಮುಂಜಾನೆ ಅಂಗಡಿಯ ಮುಂದೆ ಕುಳಿತು ಎದೆ ಬಡಿದುಕೊಂಡಳು.

"ನಮ್ಮವ್ವ ಹೋದಳ್ರಿ! ಹಂಸಭಾವ್ಯಾಗ ಒಂದ ತುಂಡ ಬಟ್ಟಿ ಸಿಗವಲ್ದು, ನಾನ ಒಯ್ಯಬೇಕ್ರಿ!"

ಪಂಚರ ಪೈಕಿ ಹಿರಿಯರಾದ ಶಿದ್ಲಿಂಗಪ್ಪನವರು ಮರುಮಾತಿಲ್ಲದೆ ಬಟ್ಟೆ ಕೊಡಿಸಿದರು. ಭರಮವ್ವ ಗಂಟು ಕಟ್ಟಿಕೊಂಡು ತನ್ನ ತವರೂರು ಹಂಸಭಾವಿಯ ದಾರಿ ಹಿಡಿದವಳು ಮಾರನೆಯ ದಿನ ತಿರುಗಿ ಬಂದಳು.

ಸುದ್ದಿ ಕೇಳಿದ ಅದೇ ಓಣಿಯ ಉಡಚವ್ವಳಿಗೆ ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು. ಅವಳ ತವರೂ ಹಂಸಭಾವಿ. ಭರಮವ್ವನ ತಾಯಿ ಸತ್ತಾಗ ಭರಮವ್ವ ಇನ್ನೂ ಮೊಲೆ ಬಿಡದ ಕೂಸು. ತಿಳವಳ್ಳಿಯಲ್ಲಿ ಈ ಸಂಗತಿ ಉಡಚವ್ವ ಒಬ್ಬಳಿಗೇ ಗೊತ್ತು.

ಆದರೂ ಮನಸ್ಸು ಕುಂಟುನೆಪ ಹುಡುಕಿತು. ಭರಮವ್ವ ತನ್ನನ್ನು ಸಾಕಿದ ಸೋದರತ್ತೆಯನ್ನೂ ಅವ್ವ ಎಂದೇ ಕರೆಯುತ್ತಿದ್ದಳಲ್ಲ, ಆ ಮುದುಕಿಯೇ ತೀರಿರಬಹುದು. ಹೋಗಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲು ನಾಲಿಗೆ ಏಳಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ರೊಟ್ಟಿ ಒಯ್ದು ಕೊಡಬೇಕು. ಮೊದಲು ಒಯ್ದವಳು ಹಾಜರಾಬಿ. ಕೂಲಿಯ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ತನ್ನ ಮಕ್ಕಳ ಪಾಲಿನ ರೊಟ್ಟಿಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಭರಮವ್ವನ ಮುಂದಿಟ್ಟು, "ಉಣ್ಣಕ್ಕಾ, ತಾಯಿ ಹೋದ ಸಂಕಟ ನನಗೂ ಗೊತ್ತೈತಿ" ಎಂದು ತಾನೂ ಅತ್ತಳು. ಭರಮವ್ವ ತಲೆ ಎತ್ತದೆ ಉಂಡಳು. ಬಾಗಿಲಲ್ಲಿ ನಿಂತು ನೋಡಿದ ಉಡಚವ್ವಳಿಗೆ ಸಂಶಯ ಗಟ್ಟಿಯಾಯಿತು.

ಮನೆಗೆ ಬಂದು ಗಂಡ ಫಕ್ಕೀರಪ್ಪನಿಗೆ ಎಲ್ಲ ಹೇಳಿದಳು.

"ಹೋಗಿ ಕೇಳ್ಲೇನ್ರಿ ಆಕೀನ್ನ?"

"ಏನಂತ ಕೇಳ್ತಿ? ನಿಮ್ಮವ್ವ ಖರೇನ ಸತ್ತಾಳೇನು ಅಂತ? ಬುದ್ಧಿ ಐತಿಲ್ಲ ನಿನಗ?"

"ಹಂಗಾರ ಶಿದ್ಲಿಂಗಪ್ಪನವರಿಗೆ..."

"ಚಾಡಿ ಹೇಳಾಕಿ ಅನ್ನಿಸ್ಕೋಬ್ಯಾಡ. ಒಂದ ಊರಾಗ ಹುಟ್ಟಿದವರು ನೀವು. ಪಾಪ, ಆಕಿಗೂ ಉಡಾಕ ಇಲ್ಲ. ಸರಕಾರದ ಬಟ್ಟಿ ಅದು, ಯಾರ ಮನಿ ಗಂಟು ಹೋತು?"

ಯಾರ ಮನೆ ಗಂಟು ಹೋಯಿತು! ಈ ಒಂದು ಮಾತು ಎಷ್ಟು ಊರುಗಳನ್ನು ಕೆಡಿಸಿದೆಯೋ ದೇವರೇ ಬಲ್ಲ. ಉಡಚವ್ವಳಿಗೆ ಮಾತ್ರ ಅದು ಹಿತವಾಗಿ ಕೇಳಿಸಿತು, ಸುಮ್ಮನಾದಳು.

ಕೆಲವು ದಿನಗಳಲ್ಲಿ ಭರಮವ್ವನ ಮಗಳು ಹೊಸ ಪರಕಾರ ಉಟ್ಟು ಬಾವಿಗೆ ಬಂದಳು. ಕೆಂಪು ಬಣ್ಣ ಹಾಕಿದ್ದರೂ ಮಾದರಪಾಟದ ದಪ್ಪ ನೂಲು ಮರೆಯಾಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ಹೊರಗೆ ಬಂದ ಹುಡುಗಿಯ ಮುಖ ಅರಳಿತ್ತು. ಉಡಚವ್ವ ನೋಡಿದಳು. ನೋಡಿ ಏನೆಂದಳು ಗೊತ್ತೇ? "ಛಲೋ ಒಪ್ಪತೈತಿ ನೋಡವ್ವ" ಎಂದಳು.

ಅಂಗಡಿಗೆ ಮುಂದಿನ ಮಾಲು ಬರುವ ಮೊದಲೇ ಹಾಜರಾಬಿಯ ಅತ್ತೆ ತೀರಿಕೊಂಡಳು. ಹಾಜರಾಬಿ ಬಟ್ಟೆ ಕೇಳಲು ಓಡಿದಳು. ಶಿದ್ಲಿಂಗಪ್ಪನವರು ಬರಿಗೈ ತೋರಿಸಿದರು.

"ಕಡೀ ತುಂಡು ಭರಮವ್ವಗ ಕೊಟ್ವಿ ತಾಯಿ. ಬಟ್ಟಿ ತರಾಕ ಸವಣೂರಿಗೆ ಆಳು ಕಳಸಲೇನು?"

"ಅಲ್ಲೀತನಕ ಮಣ್ಣು ಮಾಡೂದು ತಡಿಯಾಕ ಬರೂದಿಲ್ರಿ" ಎಂದು ಹಾಜರಾಬಿ ತಿರುಗಿ ನಡೆದಳು.

ಓಣಿಯವರು ಹಳೆಯ ಬಿಳಿ ಧೋತರಗಳನ್ನು ಒಗೆದು, ಹರಕು ಮರೆಯಾಗುವಂತೆ ಜೋಡಿಸಿ ಮುದುಕಿಯನ್ನು ಕಳಿಸಿಕೊಟ್ಟರು. ಫಕ್ಕೀರಪ್ಪನದೂ ಒಂದು ಧೋತರ ಹೋಯಿತು. ಹಾಜರಾಬಿ ಉಡಚವ್ವಳ ಕೈ ಹಿಡಿದು ಹೇಳಿದಳು:

"ನಮ್ಮತ್ತಿ ಇದ್ದಷ್ಟು ದಿನಾ ಮಂದಿ ಉಟ್ಟು ಬಿಟ್ಟಿದ್ದನ್ನ ಉಟ್ಟಳಕ್ಕಾ. ಹೋಗೂ ಮುಂದಾದ್ರೂ ಒಂದು ಹೊಸಾ ಬಟ್ಟಿ ಹೊಚ್ಚಬೇಕಂತಿದ್ದೆ. ಅದೂ ಆಗಲಿಲ್ಲ."

ಉಡಚವ್ವ ಅಲ್ಲಿಂದ ನೇರವಾಗಿ ಭರಮವ್ವನ ಮನೆಗೆ ಹೋದಳು.

"ನಿಮ್ಮವ್ವ ಯಾವಾಗ ಸತ್ತಳು ಅನ್ನೂದು ನನಗ ಗೊತ್ತಿಲ್ಲೇನ ಭರಮವ್ವಾ?"

ಭರಮವ್ವ ಜಗಳಕ್ಕೆ ಬರಲಿಲ್ಲ. ಗೋಡೆಗೆ ಒರಗಿ ಕುಳಿತಳು.

"ಗೊತ್ತೈತೆಂತನ ಹೆದರಿದ್ದೆ. ಇವತ್ತ ಕೇಳ್ತಿ, ನಾಳೆ ಕೇಳ್ತಿ ಅಂತ ಬಟ್ಟಿ ಹಂಗ ಮಡಚಿಟ್ಟಿದ್ದೆ. ಕೇಳಿದ್ದಿದ್ರ ಹೊಳ್ಳಿ ಕೊಡತಿದ್ದೆ. ನೀ ಸುಮ್ಮನ ಇದ್ದಿ. ನೀನ ಒಪ್ಪಿದಿ ಅಂದ್ಕೊಂಡು ಕತ್ತರಿ ಹಾಕಿಸಿದೆ."

ಉಡಚವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ, "ನಡಿ, ಶಿದ್ಲಿಂಗಪ್ಪನವರ ಕಡೆ ಹೋಗೂಣು" ಎಂದಳು.

ಇಬ್ಬರೂ ಕೂಡಿ ಶಿದ್ಲಿಂಗಪ್ಪನವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡರು. ಅವರು ಬಯ್ಯಲಿಲ್ಲ, ನೊಂದುಕೊಂಡರು. "ಹೋದ ಸಲ ಸೀರಿ ಬಂದಿದ್ವು. ಮಗಳಿಗೆ ಉಡಾಕಿಲ್ಲ ಅಂತ ಒಂದ ಮಾತು ಹೇಳಿದ್ರ ಮೊದಲ ನಿನಗ ಕೊಡತಿದ್ವಲ್ಲವ್ವ" ಎಂದರು. ಭರಮವ್ವನ ಮುಂದಿನ ಪಾಲು ಹಾಜರಾಬಿಗೆ ಎಂದು ಪಂಚರು ತೀರ್ಮಾನಿಸಿದರು, ಭರಮವ್ವ ಒಪ್ಪಿದಳು. ಮಾಲು ಬಂದಾಗ ಹಾಜರಾಬಿ ಆ ಬಟ್ಟೆಯನ್ನು ತೆಗೆದುಕೊಂಡಳು. ಭರಮವ್ವನೊಡನೆ ಮಾತ್ರ ಅವಳು ಮಾತು ಬಿಟ್ಟಳು.

ಇಬ್ಬರೂ ಒಪ್ಪಿಕೊಂಡ ದಿನ ಫಕ್ಕೀರಪ್ಪ ಸರಿಯಾಗಿ ಉಣ್ಣಲಿಲ್ಲ. "ಯಾರ ಮನಿ ಗಂಟು ಅಂದಿದ್ದೆ. ಹಾಜರಾಬಿ ಮನೀದ ಇತ್ತು. ನಾ ನಿನ್ನ ತಡೀಬಾರದಿತ್ತು" ಎಂದನು.

ಓದುವ ಅಣ್ಣಂದಿರೇ, ಓದಿಸಿ ಕೇಳುವ ತಾಯಂದಿರೇ, ನಿಮ್ಮ ಗೆಳತಿ ಸುಳ್ಳು ಹೇಳಿ ರೇಷನ್ ಪಡೆದಳೆಂಬ ಸಂಶಯ ನಿಮಗೂ ಬರಬಹುದು. ಓಣಿಯಲ್ಲಿ ಗುಸುಗುಸು ಮಾಡಬೇಡಿ, ಬಾಯಿ ಹೊಲಿದುಕೊಂಡೂ ಕೂಡಬೇಡಿ. ಅವಳ ಮನೆಗೇ ಹೋಗಿ ಕೇಳಿ. ಸಂಶಯ ಸುಳ್ಳಾದರೆ ಅಲ್ಲಿಗೆ ಮುಗಿಯಿತು. ನಿಜವಾದರೆ ಹಿಂದಿರುಗಿಸಲು ನೀವೂ ಜೊತೆಗೆ ನಡೆಯಿರಿ. ಎಷ್ಟು ಹೇಳಿದರೂ ಒಪ್ಪದಿದ್ದರೆ ಅವಳಿಗೆ ತಿಳಿಸಿಯೇ ಪಂಚರ ಬಳಿ ಹೋಗಿ. ಇದು ಚಾಡಿಯಲ್ಲ. ಆ ಬಟ್ಟೆ, ಆ ಕಾಳು ನಿಮ್ಮ ಊರಿನಲ್ಲೇ ಇರುವ ಯಾರೋ ಬಡವರ ಪಾಲು. ಅದು ಇನ್ನೂ ಕೈಗೆ ಸಿಗುವಂತೆ ಇರುವಾಗಲೇ ಮಾತಾಡಿ.